ಪಟ್ಟಣದ ಕೊಳಕು ನಿಮ್ಮ ಹೊಲಕ್ಕೆ ಬರುವ ಮುನ್ನ

ನಿಮ್ಮ ಊರಿಗೆ ಹತ್ತಿರವಿರುವ ಪಟ್ಟಣದಲ್ಲಿ ಒಳಚರಂಡಿ ಇದೆಯೇ? ಇಲ್ಲವಾದರೆ ಅಲ್ಲಿನ ಮನೆಗಳ ಕಕ್ಕಸು ಗುಂಡಿ ತುಂಬಿದಾಗ ಅದರಲ್ಲಿರುವುದನ್ನು ಎಲ್ಲಿಗೆ ಒಯ್ಯುತ್ತಾರೆ? ಇದು ಪಟ್ಟಣದವರ ತಾಪತ್ರಯ, ನಮಗೇಕೆ ಎಂದು ನೀವು ಕೇಳಬಹುದು. ಆದರೆ ಪುರಸಭೆಯವರು ಈ ವಿಷಯದಲ್ಲಿ ಮಾಡುವ ತೀರ್ಮಾನದ ಫಲವನ್ನು, ಅಥವಾ ತೀರ್ಮಾನ ಮಾಡದೆ ಬಿಟ್ಟುದರ ಫಲವನ್ನು ಉಣ್ಣುವವರು ಪಟ್ಟಣದ ಅಂಚಿನಲ್ಲಿ ಬೇಸಾಯ ಮಾಡುವವರೇ. ಅವರಿಗೆ ಪುರಸಭೆಯ ಚುನಾವಣೆಯಲ್ಲಿ ಮತವಿಲ್ಲ. ಅವರ ಹೊಲ, ಹಳ್ಳ, ಬಾವಿಗಳು ಮಾತ್ರ ಪಟ್ಟಣದ ಇಳಿಜಾರಿನಲ್ಲೇ ಇವೆ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂಬ ಗಾದೆ ಪಟ್ಟಣದ ಕೊಳಕಿಗೂ ಸಲ್ಲುತ್ತದೆ.

ಹೀಗೆಂದ ಮಾತ್ರಕ್ಕೆ ಪಟ್ಟಣದಿಂದ ಬರುವುದೆಲ್ಲ ವಿಷವೆಂದು ದೂರ ತಳ್ಳಬೇಕಾಗಿಲ್ಲ. ಸರಿಯಾಗಿ ಹದಮಾಡಿದರೆ ಅದೇ ವಸ್ತು ಒಳ್ಳೆಯ ಗೊಬ್ಬರ. ನಮ್ಮ ರಾಜ್ಯದ ಒಂದು ಸಣ್ಣ ಪಟ್ಟಣ ಇದನ್ನು ಮಾಡಿ ತೋರಿಸಿದೆ. ಆ ಕಥೆಯನ್ನೂ, ಅದರಿಂದ ನೀವು ತಿಳಿಯಬೇಕಾದ ಕೆಲವು ಸಂಗತಿಗಳನ್ನೂ ಇಲ್ಲಿ ಕೊಟ್ಟಿದೆ.

ಗುಂಡಿ ತುಂಬಿದ ಮೇಲೆ

ಒಳಚರಂಡಿ ಇಲ್ಲದ ಪಟ್ಟಣದಲ್ಲಿ ಪ್ರತಿ ಮನೆಗೂ ಒಂದು ಗುಂಡಿಯೋ ಸೆಪ್ಟಿಕ್ ಟ್ಯಾಂಕೋ ಇರುತ್ತದೆ. ನೀರಿನ ಭಾಗ ಮಣ್ಣಿಗೆ ಇಂಗುತ್ತದೆ, ಇಲ್ಲವೇ ಚರಂಡಿಗೆ ಹರಿಯುತ್ತದೆ. ತಳದಲ್ಲಿ ಕಪ್ಪು ರಾಡಿ ಕೂರುತ್ತದೆ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು ಎಂಬುದು ತಜ್ಞರ ಸಲಹೆ. ಹೆಚ್ಚಿನವರು ತುಂಬಿ ಉಕ್ಕಿದ ಮೇಲೆಯೇ ಸಕ್ಕಿಂಗ್ ಯಂತ್ರದ ಲಾರಿ ಕರೆಸುತ್ತಾರೆ. ಲಾರಿಯವನು ಹಣ ಪಡೆದು ರಾಡಿ ಹೀರಿಕೊಂಡು ಹೊರಡುತ್ತಾನೆ. ಮನೆಯವರ ಮಟ್ಟಿಗೆ ಕೆಲಸ ಅಲ್ಲಿಗೆ ಮುಗಿಯಿತು.

ಲಾರಿಯವನಿಗೆ ಖಾಲಿ ಮಾಡಲು ಪುರಸಭೆ ಒಂದು ಸ್ಥಳ ತೋರಿಸದಿದ್ದರೆ ಅವನು ತನಗೆ ತೋಚಿದ ಕಡೆ ಬಿಡುತ್ತಾನೆ. ಅದು ಹಳ್ಳವಿರಬಹುದು, ಕೆರೆಯ ಅಂಗಳವಿರಬಹುದು, ರಸ್ತೆ ಬದಿಯ ಬೀಳು ಜಮೀನಿರಬಹುದು. ಬೆಂಗಳೂರಿನ ಸುತ್ತಮುತ್ತ ಬಾಳೆ, ತೆಂಗು ಬೆಳೆಯುವ ಕೆಲವು ರೈತರು ತಾವಾಗಿಯೇ ಲಾರಿಯನ್ನು ತೋಟಕ್ಕೆ ಕರೆಸಿ ಗುಂಡಿ, ಪಾತಿಗಳಿಗೆ ಬಿಡಿಸಿಕೊಂಡದ್ದೂ ಉಂಟು. ಗೊಬ್ಬರದ ಖರ್ಚು ಉಳಿಯಿತು, ಗಿಡ ಚೆನ್ನಾಗಿ ಬಂತು ಎಂಬುದು ಅವರ ಅನುಭವ. ಅದು ಸುಳ್ಳಲ್ಲ. ಆದರೆ ಹಸಿ ರಾಡಿಯಲ್ಲಿ ಗೊಬ್ಬರದ ಜೊತೆಗೆ ಬೇರೆಯದೂ ಇರುತ್ತದೆ. ಅದನ್ನು ಮುಂದೆ ನೋಡೋಣ.

ಬೆಂಗಳೂರು ಪದ್ಧತಿಯ ಗೊಬ್ಬರ

ಪಟ್ಟಣದ ಕಸವನ್ನೂ ಮಲವನ್ನೂ ಸೇರಿಸಿ ಗೊಬ್ಬರ ಮಾಡುವುದು ಹೊಸ ವಿದ್ಯೆಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ಎನ್. ಆಚಾರ್ಯ ಅವರು ೧೯೩೯ರ ವೇಳೆಗೆ ಇದಕ್ಕೊಂದು ಕ್ರಮ ರೂಪಿಸಿದರು. ಇಂದಿಗೂ ಆರೋಗ್ಯಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಬೆಂಗಳೂರು ಪದ್ಧತಿ ಎಂದೇ ಹೆಸರು.

ಊರಿನಿಂದ ಅರ್ಧ ಮೈಲಿಗಿಂತ ದೂರದಲ್ಲಿ ಸುಮಾರು ೩ ಅಡಿ ಆಳ, ೫ರಿಂದ ೮ ಅಡಿ ಅಗಲದ ಕಂದಕ ತೋಡಬೇಕು. ತಳಕ್ಕೆ ೬ ಅಂಗುಲ ಕಸ, ಅದರ ಮೇಲೆ ೨ ಅಂಗುಲ ಮಲ, ಮತ್ತೆ ಕಸ, ಹೀಗೆ ಪದರ ಪದರವಾಗಿ ನೆಲಮಟ್ಟದಿಂದ ಒಂದಡಿ ಮೇಲೇರುವವರೆಗೂ ತುಂಬಿ, ಕಡೆಯದಾಗಿ ದಪ್ಪನೆಯ ಕಸದ ಪದರ ಹಾಕಿ ಮಣ್ಣು ಮುಚ್ಚಬೇಕು. ಒಂದು ವಾರದೊಳಗೆ ಒಳಗಿನ ಶಾಖ ೬೦ ಡಿಗ್ರಿ ಸೆಂಟಿಗ್ರೇಡ್ ದಾಟುತ್ತದೆ. ಎರಡು ಮೂರು ವಾರ ಆ ಶಾಖ ಉಳಿದು ರೋಗಾಣುಗಳು ಸಾಯುತ್ತವೆ. ನಾಲ್ಕರಿಂದ ಆರು ತಿಂಗಳಲ್ಲಿ ವಾಸನೆಯಿಲ್ಲದ, ಪುಡಿಪುಡಿಯಾದ ಗೊಬ್ಬರ ಸಿದ್ಧವಾಗುತ್ತದೆ.

ಗೊಬ್ಬರ ಒಳ್ಳೆಯದೇ. ಆದರೆ ಅದಕ್ಕೆ ಬೇಕಾದ ಮಲವನ್ನು ಮನೆಮನೆಯಿಂದ ಬಳಿದು ತಲೆಯ ಮೇಲೆ ಹೊತ್ತು ತರುತ್ತಿದ್ದವರು ಮನುಷ್ಯರು. ಆ ಕೆಲಸವನ್ನು ಹುಟ್ಟಿನ ಕಾರಣಕ್ಕೆ ಕೆಲವೇ ಜಾತಿಗಳವರ ಮೇಲೆ ಹೇರಲಾಗಿತ್ತು. ೧೯೭೦ರ ದಶಕದ ಆರಂಭದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಕ್ರಮ ಕೈಗೊಂಡರು. ಮುಂದೆ ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಇಡೀ ದೇಶಕ್ಕೆ ಅನ್ವಯಿಸುವ ಕಾನೂನುಗಳು ಬಂದವು. ೨೦೧೩ರ ಕಾನೂನಿನ ಪ್ರಕಾರ ರಕ್ಷಣೆಯಿಲ್ಲದೆ ಮನುಷ್ಯರನ್ನು ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದೂ ಅಪರಾಧ. ಹಳೆಯ ಗೊಬ್ಬರ ಬೇಕೆಂದು ಹಳೆಯ ಅನ್ಯಾಯವನ್ನು ಮರಳಿ ತರುವಂತಿಲ್ಲ.

ಪಟ್ಟಣದ ಕಸದ ಕಥೆಯೂ ಬದಲಾಯಿತು. ಹುಬ್ಬಳ್ಳಿ-ಧಾರವಾಡದ ಸುತ್ತಲಿನ ರೈತರು ಒಂದು ಕಾಲಕ್ಕೆ ಪಾಲಿಕೆಯ ಗುಂಡಿಗಳಲ್ಲಿ ಕೊಳೆತ ಕಸವನ್ನು ಹರಾಜಿನಲ್ಲಿ ಹಿಡಿದು ಹೊಲಕ್ಕೆ ಸಾಗಿಸುತ್ತಿದ್ದರು. ಬರಬರುತ್ತಾ ಅದರಲ್ಲಿ ಪ್ಲಾಸ್ಟಿಕ್, ಗಾಜಿನ ಚೂರು, ಆಸ್ಪತ್ರೆಯ ಸೂಜಿ ಹೆಚ್ಚಿದವು. ಆರಿಸಿ ತೆಗೆಯಲು ಆಳಿನ ಕೂಲಿ ಏರಿತು, ಕೊಳ್ಳುವವರು ಕಡಿಮೆಯಾದರು. ಹೊಲಕ್ಕೂ ಪಟ್ಟಣಕ್ಕೂ ಇದ್ದ ಕೊಡುಕೊಳ್ಳುವ ನಂಟು ಹೀಗೆ ಸಡಿಲವಾಯಿತು.

ದೇವನಹಳ್ಳಿ ಪುರಸಭೆಯ ತೀರ್ಮಾನ

ದೇವನಹಳ್ಳಿಯ ಹೆಸರು ಕೇಳದ ರೈತರಿಲ್ಲ. ಚಕ್ಕೋತ ಹಣ್ಣಿಗೆ ಹೆಸರಾದ ಊರು. ೨೦೦೮ರಲ್ಲಿ ಪಕ್ಕದಲ್ಲೇ ವಿಮಾನ ನಿಲ್ದಾಣ ಶುರುವಾದ ಮೇಲೆ ಊರು ಬೆಳೆಯುತ್ತಲೇ ಇದೆ. ೨೦೧೧ರ ಜನಗಣತಿಯಲ್ಲಿ ಪುರಸಭೆಯ ವ್ಯಾಪ್ತಿಯಲ್ಲಿ ಸುಮಾರು ೨೮,೦೦೦ ಜನರಿದ್ದರು. ಆಗ ಊರಿಗೆ ಒಳಚರಂಡಿ ಇರಲಿಲ್ಲ. ಮನೆಗಳೆಲ್ಲ ಗುಂಡಿ, ಟ್ಯಾಂಕುಗಳನ್ನೇ ನಂಬಿದ್ದವು.

ಇಂಥ ಊರಿನ ಮುಂದೆ ಸಾಮಾನ್ಯವಾಗಿ ಎರಡು ದಾರಿ ಕಾಣುತ್ತವೆ. ಒಂದು, ಕೋಟಿಗಟ್ಟಲೆ ಹಣ ಬೇಡುವ ಒಳಚರಂಡಿ ಯೋಜನೆಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವುದು. ಇನ್ನೊಂದು, ಲಾರಿಯವರು ಎಲ್ಲಿಗಾದರೂ ಒಯ್ಯಲಿ ಎಂದು ಕಣ್ಣು ಮುಚ್ಚಿಕೊಳ್ಳುವುದು. ದೇವನಹಳ್ಳಿ ಪುರಸಭೆ ಇವೆರಡರ ನಡುವಿನ ಮೂರನೆಯ ದಾರಿ ಹಿಡಿಯಿತು. ಬೆಂಗಳೂರಿನ ಸಿ.ಡಿ.ಡಿ. ಎಂಬ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ಜಾಗ ಕೊಟ್ಟಿತು. ಗುಂಡಿಯ ರಾಡಿಯನ್ನು ಮಾತ್ರ ಹದಮಾಡುವ ಒಂದು ಸಣ್ಣ ಘಟಕ ೨೦೧೫ರ ಕೊನೆಯಲ್ಲಿ ಅಲ್ಲಿ ಕೆಲಸ ಆರಂಭಿಸಿತು. ಒಂದು ಪಟ್ಟಣಕ್ಕೆಂದೇ ಕಟ್ಟಿದ ಇಂಥ ಘಟಕ ದೇಶದಲ್ಲಿ ಅದೇ ಮೊದಲನೆಯದು. ಅದರ ಸಾಮರ್ಥ್ಯ ದಿನಕ್ಕೆ ೬,೦೦೦ ಲೀಟರ್. ಅಂದರೆ ಮೂರು ಸಾವಿರ ಲೀಟರಿನ ಎರಡು ಲಾರಿ.

೨೦೧೭ರಲ್ಲಿ ಕೇಂದ್ರ ಸರ್ಕಾರ ಇಂಥ ರಾಡಿಯ ನಿರ್ವಹಣೆಗಾಗಿಯೇ ಒಂದು ರಾಷ್ಟ್ರೀಯ ನೀತಿ ಪ್ರಕಟಿಸಿತು. ಲಡಾಖಿನ ಲೇಹ್, ಒಡಿಶಾದ ಢೇಂಕಾನಾಲ್, ಮಹಾರಾಷ್ಟ್ರದ ವಾಯಿ ಮುಂತಾದ ಸಣ್ಣ ಊರುಗಳಲ್ಲೂ ಘಟಕಗಳು ಬಂದವು. ದೊಡ್ಡ ನಗರಗಳಿಗಿಂತ ಮೊದಲು ಇಪ್ಪತ್ತೆಂಟು ಸಾವಿರ ಜನರ ಒಂದು ಪುರಸಭೆ ಈ ಕೆಲಸಕ್ಕೆ ಕೈಹಾಕಿತು ಎಂಬುದು ಗಮನಿಸಬೇಕಾದ ಸಂಗತಿ.

ಘಟಕ ಕೆಲಸ ಮಾಡುವ ಬಗೆ

ದೇವನಹಳ್ಳಿಯ ಘಟಕದಲ್ಲಿ ಭಾರಿ ಯಂತ್ರಗಳಿಲ್ಲ. ರಾಡಿ ಇಳಿಜಾರಿನಲ್ಲಿ ತಾನಾಗಿ ಹರಿಯುವಂತೆ ತೊಟ್ಟಿಗಳನ್ನು ಕಟ್ಟಿದ್ದಾರೆ.

ಲಾರಿ ಬಂದು ಮೊದಲ ತೊಟ್ಟಿಗೆ ಬಿಡುತ್ತದೆ. ಬಟ್ಟೆ, ಪ್ಲಾಸ್ಟಿಕ್ ಮುಂತಾದವನ್ನು ಜಾಲರಿ ತಡೆಯುತ್ತದೆ. ಅಲ್ಲಿಂದ ರಾಡಿ ಮುಚ್ಚಿದ ತೊಟ್ಟಿಗೆ ಹೋಗಿ, ನಿಮ್ಮ ಮನೆಯ ಗೋಬರ್ ಗ್ಯಾಸ್ ಗುಂಡಿಯಲ್ಲಿ ನಡೆಯುವ ಹಾಗೆಯೇ ಗಾಳಿಯಿಲ್ಲದೆ ಕೊಳೆಯುತ್ತದೆ. ಇನ್ನೊಂದು ತೊಟ್ಟಿಯಲ್ಲಿ ಮತ್ತಷ್ಟು ಕಾಲ ನಿಂತು ಹದಗೊಂಡ ಮೇಲೆ ಮರಳು, ಜಲ್ಲಿ ಹಾಸಿದ ಒಣಗಿಸುವ ಪಾತಿಗೆ ಬರುತ್ತದೆ. ನೀರು ಕೆಳಗೆ ಬಸಿಯುತ್ತದೆ. ಮೇಲೆ ಉಳಿದದ್ದು ಬಿಸಿಲಿಗೆ ಒಣಗಿ ಹೆಂಟೆಯಾಗುತ್ತದೆ. ಬಸಿದ ನೀರನ್ನು ಬೇರೆ ತೊಟ್ಟಿಗಳಲ್ಲಿ ಶುದ್ಧ ಮಾಡಿ, ಗಿಡ ನೆಟ್ಟ ಜಲ್ಲಿಯ ಪಾತಿಯ ಮೂಲಕ ಹಾಯಿಸುತ್ತಾರೆ.

ಒಣಗಿದ ಹೆಂಟೆಯನ್ನು ಹಾಗೆಯೇ ಹೊಲಕ್ಕೆ ಕೊಡುವಂತಿಲ್ಲ. ಒಣಗಿದರೂ ಅದರಲ್ಲಿ ಜಂತುಹುಳುವಿನ ಮೊಟ್ಟೆಗಳು ಜೀವಂತವಾಗಿರುತ್ತವೆ. ಆದ್ದರಿಂದ ಅದನ್ನು ಪಟ್ಟಣದ ಮನೆಗಳಿಂದ ಬರುವ ಹಸಿ ಕಸದೊಡನೆ ಬೆರೆಸಿ ರಾಶಿ ಹಾಕಿ ಕೊಳೆಸುತ್ತಾರೆ. ರಾಡಿಯಲ್ಲಿ ಸಾರಜನಕ ಹೆಚ್ಚು, ತರಕಾರಿ ಸಿಪ್ಪೆ, ಎಲೆ, ಕಡ್ಡಿಗಳಲ್ಲಿ ಇಂಗಾಲ ಹೆಚ್ಚು. ಎರಡೂ ಕೂಡಿದಾಗ ರಾಶಿ ಚೆನ್ನಾಗಿ ಕಾಯುತ್ತದೆ. ಆಚಾರ್ಯರ ಕಂದಕದಲ್ಲಿ ಆಗುತ್ತಿದ್ದದ್ದೂ ಇದೇ. ರಾಶಿಯ ಒಳಗೆ ೫೦ ಡಿಗ್ರಿಗಿಂತ ಹೆಚ್ಚಿನ ಶಾಖ ಕಡೇ ಪಕ್ಷ ಒಂದು ವಾರ ನಿಲ್ಲಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆ ೨೦೦೬ರಲ್ಲಿ ಕೊಟ್ಟ ಮಾರ್ಗಸೂಚಿಯ ಮಾತು. ಈ ಗೊಬ್ಬರ ಅಲ್ಲಿನ ರೈತರ ಹೊಲಗಳಿಗೆ ಹೋಗಿದೆ.

ಇದರಲ್ಲಿ ಸಾರವೆಷ್ಟು?

ನಮ್ಮ ದೇಶದ ಒಬ್ಬ ಮನುಷ್ಯ ಒಂದು ವರ್ಷದಲ್ಲಿ ಮಲಮೂತ್ರದ ಮೂಲಕ ಹೊರಹಾಕುವ ಸಾರಜನಕ ಸುಮಾರು ೨.೭ ಕಿಲೋ, ರಂಜಕ ಸುಮಾರು ೦.೪ ಕಿಲೋ ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ೨೮,೦೦೦ ಜನರ ಊರಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು ೭೫ ಟನ್ ಸಾರಜನಕವಾಯಿತು. ೪೫ ಕಿಲೋ ತೂಕದ ಯೂರಿಯಾ ಚೀಲದಲ್ಲಿ ಇರುವ ಸಾರಜನಕ ೨೦ ಕಿಲೋ ಚಿಲ್ಲರೆ. ಅಂದರೆ ೩,೬೦೦ ಚೀಲ ಯೂರಿಯಾದಷ್ಟು ಸಾರವನ್ನು ಒಂದು ಸಣ್ಣ ಊರು ಪ್ರತಿವರ್ಷ ಗುಂಡಿಗೆ ಹಾಕುತ್ತಿದೆ.

ಆದರೆ ಇಷ್ಟೂ ಗೊಬ್ಬರವಾಗಿ ಕೈಗೆ ಸಿಗುತ್ತದೆಂದು ತಿಳಿಯಬೇಡಿ. ಸಾರಜನಕದ ಬಹುಪಾಲು ಇರುವುದು ಮೂತ್ರದಲ್ಲಿ. ಅದು ಗುಂಡಿಯ ನೀರಿನೊಡನೆ ನೆಲಕ್ಕೆ ಇಂಗಿ ಹೋಗಿರುತ್ತದೆ. ಇಂಗಿದ್ದು ನೈಟ್ರೇಟ್ ಆಗಿ ಬಾವಿ, ಕೊಳವೆ ಬಾವಿ ಸೇರುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ ೪೫ ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮೀರಿದರೆ ಎಳೆಗೂಸುಗಳಿಗೆ ಅಪಾಯ. ಪಟ್ಟಣಕ್ಕೆ ಹತ್ತಿರದ ಊರಿನವರು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು.

ಆದ್ದರಿಂದ ಘಟಕದ ಗೊಬ್ಬರವನ್ನು ಯೂರಿಯಾಕ್ಕೆ ಬದಲು ಎಂದು ಎಣಿಸದೆ, ಕೊಟ್ಟಿಗೆ ಗೊಬ್ಬರದ ಸಾಲಿಗೆ ಸೇರಿದ್ದು ಎಂದು ಎಣಿಸಿ. ಮಣ್ಣು ಸಡಿಲವಾಗಿ, ತೇವ ಹಿಡಿಯುವ ಶಕ್ತಿ ಹೆಚ್ಚುವುದೇ ಇದರ ಮುಖ್ಯ ಲಾಭ. ಮನೆಯಲ್ಲಿ ದನಕರು ಕಡಿಮೆಯಾಗಿ ತಿಪ್ಪೆ ಬರಿದಾಗಿರುವ ಈ ಕಾಲದಲ್ಲಿ ಅದೇನೂ ಸಣ್ಣ ಲಾಭವಲ್ಲ.

ಹಸಿ ರಾಡಿಯನ್ನು ಬಿಡಿಸಿಕೊಳ್ಳಬೇಡಿ

ಲಾರಿಯವನು ಪುಕ್ಕಟೆ ಬಿಡುತ್ತೇನೆ ಎಂದರೆ ಆಸೆಯಾಗುವುದು ಸಹಜ. ಒಪ್ಪುವ ಮೊದಲು ಇಷ್ಟನ್ನು ಯೋಚಿಸಿ. ದುಂಡುಹುಳುವಿನ ಮೊಟ್ಟೆ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬದುಕಿರುತ್ತದೆ. ಸೊಪ್ಪು, ಮೂಲಂಗಿ, ಗಜ್ಜರಿಯ ಮೂಲಕ ಅದು ಹೊಟ್ಟೆ ಸೇರುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮವನ್ನೇ ತೂರಿ ಮೈಯೊಳಗೆ ಹೋಗಿ ರಕ್ತ ಹೀರುತ್ತದೆ. ಕಳೆ ತೆಗೆಯುವ ಹೆಣ್ಣುಮಕ್ಕಳಿಗೂ ಹೊಲದಲ್ಲಿ ಆಡುವ ಮಕ್ಕಳಿಗೂ ರಕ್ತಹೀನತೆ ಬರಲು ಇದೂ ಒಂದು ಕಾರಣ.

ಅಮೆರಿಕದಲ್ಲಿ ಹಸಿ ರಾಡಿಯನ್ನು ಹೊಲಕ್ಕೆ ಬಿಡಲು ನಿಯಮವಿದೆ. ಬಿಟ್ಟ ಮೇಲೆ ನೆಲಕ್ಕೆ ತಾಗುವ ಫಸಲನ್ನು ೧೪ ತಿಂಗಳವರೆಗೆ ಕೊಯ್ಯುವಂತಿಲ್ಲ. ನೆಲದೊಳಗೆ ಬೆಳೆಯುವ ಗಡ್ಡೆಗಳಿಗಾದರೆ ೨೦ರಿಂದ ೩೮ ತಿಂಗಳು ಕಾಯಬೇಕು. ಒಂದೆರಡು ಎಕರೆ ಇರುವ ನಮ್ಮ ರೈತ ಅಷ್ಟು ಕಾಲ ಹೊಲ ಬಿಟ್ಟು ಕೂರುವುದು ಸಾಧ್ಯವೇ?

ಇನ್ನೊಂದು ಎಚ್ಚರಿಕೆಯ ಮಾತು. ಪಟ್ಟಣದ್ದಾಗಲಿ, ನಿಮ್ಮ ಮನೆಯದ್ದಾಗಲಿ, ತುಂಬಿದ ಗುಂಡಿಗೆ ಯಾರನ್ನೂ ಇಳಿಸಬೇಡಿ, ನೀವೂ ಇಳಿಯಬೇಡಿ. ಒಳಗಿನ ವಿಷಾನಿಲ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸುತ್ತದೆ. ಬಿದ್ದವನನ್ನು ಎತ್ತಲು ಇಳಿದವನೂ ಸಾಯುತ್ತಾನೆ. ಹೀಗೆ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ೩೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ೨೦೨೩ರಲ್ಲಿ ತೀರ್ಪು ನೀಡಿತು. ಆದರೆ ಹೋದ ಜೀವವನ್ನು ಯಾವ ಹಣವೂ ತರಲಾರದು.

ಪಟ್ಟಣದ ಗೊಬ್ಬರ ಕೊಳ್ಳುವಾಗ

೧. ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ. ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಹದವಾಗಿದೆ. ದುರ್ವಾಸನೆ ಇದ್ದರೆ, ರಾಶಿ ಇನ್ನೂ ಬಿಸಿಯಾಗಿದ್ದರೆ, ಕೊಳೆಯುವುದು ಮುಗಿದಿಲ್ಲ. ಮರಳಿ ಕಳಿಸಿ.

೨. ಎಷ್ಟು ದಿನ ರಾಶಿ ಹಾಕಿದ್ದರು, ಒಳಗಿನ ಶಾಖ ಅಳೆದು ಬರೆದಿಟ್ಟಿದ್ದಾರೆಯೇ ಎಂದು ಕೇಳಿ. ಚೆನ್ನಾಗಿ ನಡೆಯುವ ಘಟಕದಲ್ಲಿ ಅದರ ಪುಸ್ತಕ ಇರುತ್ತದೆ.

೩. ಪ್ರಯೋಗಶಾಲೆಯ ವರದಿ ಕೇಳಿ. ಒಂದು ಗ್ರಾಂ ಒಣ ಗೊಬ್ಬರದಲ್ಲಿ ಹುಳುವಿನ ಮೊಟ್ಟೆ ಒಂದಕ್ಕಿಂತ ಹೆಚ್ಚಿರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಗರ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶ ಹಾಕಿರುವ ಮಿತಿಯಂತೆ ಒಂದು ಕಿಲೋದಲ್ಲಿ ಕ್ಯಾಡ್ಮಿಯಂ ೫ ಮಿಲಿಗ್ರಾಂ, ಸೀಸ ೧೦೦ ಮಿಲಿಗ್ರಾಂ ದಾಟಬಾರದು. ಕಾರ್ಖಾನೆಯ ಕೊಳಚೆ ಸೇರಿದ ಗೊಬ್ಬರದಲ್ಲಿ ಇವು ಹೆಚ್ಚಿರುತ್ತವೆ. ಒಮ್ಮೆ ಮಣ್ಣು ಸೇರಿದರೆ ತೆಗೆಯುವ ಉಪಾಯವಿಲ್ಲ.

೪. ಮೊದಲ ವರ್ಷ ಹೊಲದ ಒಂದು ಮೂಲೆಯಲ್ಲಿ ಹಾಕಿ ನೋಡಿ. ರಾಗಿ, ಜೋಳ, ಮೇವಿನ ಬೆಳೆ, ತೋಟದ ಗಿಡಗಳಿಂದ ಆರಂಭಿಸಿ. ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳಿಗೆ ಅವಸರ ಮಾಡಬೇಡಿ. ಹಾಕಿದ್ದಕ್ಕೂ ಕೊಯ್ಲಿಗೂ ನಡುವೆ ಕಡೇ ಪಕ್ಷ ಒಂದು ತಿಂಗಳಿರಲಿ.

೫. ಹರಡುವಾಗ ಕಾಲಿಗೆ ಬೂಟು, ಕೈಗೆ ಗವಸು ಹಾಕಿ. ಆಳುಗಳಿಗೂ ಕೊಡಿ. ಕೆಲಸ ಮುಗಿದ ಮೇಲೆ ಸೋಪಿನಲ್ಲಿ ಕೈಕಾಲು ತೊಳೆಯಿರಿ.

ಪುರಸಭೆಯ ಮುಂದೆ ನಿಮ್ಮ ಮಾತು

ಹತ್ತು ಸಾವಿರದಿಂದ ಇಪ್ಪತ್ತು ಸಾವಿರ ಜನರಿರುವ ಊರಿಗೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಅದಕ್ಕಿಂತ ದೊಡ್ಡದಕ್ಕೆ ನಗರಸಭೆ ಎಂಬುದು ನಮ್ಮ ರಾಜ್ಯದ ಏರ್ಪಾಡು. ಊರಿನ ಕೊಳಕನ್ನು ವಿಲೇವಾರಿ ಮಾಡುವುದು ೧೯೬೪ರ ಕರ್ನಾಟಕ ಪುರಸಭೆಗಳ ಅಧಿನಿಯಮದಂತೆ ಇವುಗಳ ಕರ್ತವ್ಯ. ಹಣವಿಲ್ಲ, ಜಾಗವಿಲ್ಲ ಎಂಬುದು ಅವರ ಸಾಮಾನ್ಯ ಉತ್ತರ. ಆ ಕಷ್ಟ ನಿಜವೇ ಇರಬಹುದು. ಹಾಗೆಂದು ಪಕ್ಕದ ಹಳ್ಳಿಯ ಹಳ್ಳವನ್ನು ಜಾಗವೆಂದು ಎಣಿಸಲು ಕಾನೂನು ಬಿಡುವುದಿಲ್ಲ. ಮಲಿನ ವಸ್ತುವನ್ನು ಹಳ್ಳ, ಬಾವಿ, ಭೂಮಿಗೆ ಬಿಡುವುದನ್ನು ೧೯೭೪ರ ಜಲ ಕಾಯಿದೆ ನಿಷೇಧಿಸಿದೆ.

ನಿಮ್ಮ ಊರಿನ ಬಳಿ ಲಾರಿಗಳು ಖಾಲಿಯಾಗುತ್ತಿದ್ದರೆ ಲಾರಿಯ ನಂಬರು, ದಿನ, ವೇಳೆ, ಜಾಗ ಬರೆದಿಡಿ. ಚಾಲಕನ ಮೇಲೆ ಕೈ ಮಾಡಬೇಡಿ; ಅವನು ಕೂಲಿಯವನು. ಗ್ರಾಮಸಭೆಯಲ್ಲಿ ವಿಷಯ ಎತ್ತಿ ಠರಾವು ಮಾಡಿಸಿ. ಅದರ ಪ್ರತಿಯನ್ನು ಪುರಸಭೆಯ ಮುಖ್ಯಾಧಿಕಾರಿಗೂ, ಜಿಲ್ಲಾಧಿಕಾರಿಗೂ, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೂ ಕಳಿಸಿ ಸ್ವೀಕೃತಿ ಪಡೆಯಿರಿ. ಪುರಸಭೆ ಈ ಬಗ್ಗೆ ಏನು ತೀರ್ಮಾನ ಮಾಡಿದೆ ಎಂದು ತಿಳಿಯಲು ೨೦೦೫ರ ಮಾಹಿತಿ ಹಕ್ಕು ಕಾಯಿದೆಯಡಿ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಬಹುದು. ಮೂವತ್ತು ದಿನಗಳೊಳಗೆ ಉತ್ತರ ಬರಬೇಕು.

ಘಟಕ ನಿಮ್ಮ ಊರಿನ ಸರಹದ್ದಿಗೇ ಬರುತ್ತದೆ ಎಂಬ ಸುದ್ದಿ ಬಂದರೂ ಕೂಡಲೇ ಬಾವುಟ ಹಿಡಿಯುವ ಮೊದಲು ವಿಚಾರಿಸಿ. ಬಯಲಿನಲ್ಲಿ ಸುರಿಯುವ ಗುಂಡಿ ಬೇರೆ, ಹದಮಾಡುವ ಘಟಕ ಬೇರೆ. ದಿನಕ್ಕೆ ಎಷ್ಟು ಲಾರಿ ಬರುತ್ತವೆ, ಬಸಿದ ನೀರು ಎಲ್ಲಿಗೆ ಹೋಗುತ್ತದೆ, ಹತ್ತಿರದ ಬಾವಿಗಳ ನೀರನ್ನು ಯಾರು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡುತ್ತಾರೆ, ಘಟಕ ಕೆಟ್ಟು ನಿಂತರೆ ಯಾರು ಹೊಣೆ, ಗೊಬ್ಬರದಲ್ಲಿ ಸುತ್ತಲಿನ ರೈತರಿಗೆ ಮೊದಲ ಪಾಲು ಇದೆಯೇ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಸರಿಯಾದ ಉತ್ತರವಿಲ್ಲದಿದ್ದರೆ ಆಗ ವಿರೋಧಿಸಲು ನಿಮಗೆ ಗಟ್ಟಿಯಾದ ಕಾರಣವಿರುತ್ತದೆ.

ಮುಂದಿನ ಸಂತೆಗೆ ಪಟ್ಟಣಕ್ಕೆ ಹೋದಾಗ ಅರ್ಧ ಗಂಟೆ ಬಿಡುವು ಮಾಡಿಕೊಂಡು ಪುರಸಭೆಯ ಆರೋಗ್ಯ ನಿರೀಕ್ಷಕರನ್ನು ಕಂಡು, ನಿಮ್ಮ ಪಟ್ಟಣದ ಸಕ್ಕಿಂಗ್ ಲಾರಿಗಳು ಎಲ್ಲಿ ಖಾಲಿಯಾಗುತ್ತವೆ ಎಂದು ವಿಚಾರಿಸಿ ಬನ್ನಿ. ತಿಳಿದು ಬಂದದ್ದನ್ನು ಊರಿನ ನಾಲ್ಕು ಜನರ ಮುಂದೆ ಹೇಳಿ, ಗ್ರಾಮಸಭೆಯ ದಿನ ಎಲ್ಲರೂ ಒಟ್ಟಿಗೆ ಹೋಗಿ.